ಬೋಳು ಸಾಲು

ನಾನೊಂದು ಕೂರಿಗೆ. ನನ್ನನ್ನು ನೇಗಿಲು ಎಂದು ತಿಳಿದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವವರು ಈಚೆಗೆ ಹೆಚ್ಚಾಗಿದ್ದಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ನೇಗಿಲು ನೆಲ ಉಳುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ನಾನು ಬಿತ್ತುತ್ತೇನೆ. ದಪ್ಪನೆಯ ಒಂದು ದಿಂಡು, ಅದಕ್ಕೆ ನೆಲ ಸೀಳುವ ನಾಲ್ಕು ಹಲ್ಲು, ಒಂದೊಂದು ಹಲ್ಲಿನ ಹಿಂದೆ ಒಂದೊಂದು ಬಿದಿರಿನ ಕೊಳವೆ, ನಾಲ್ಕೂ ಕೊಳವೆಗಳು ಕೂಡುವ ಕಡೆ ಒಂದು ಮರದ ಬಟ್ಟಲು. ಇಷ್ಟೇ ನನ್ನ ಮೈ. ಗಂಡಸು ಎತ್ತು ಹೊಡೆಯುತ್ತ ಮುಂದೆ ನಡೆಯುತ್ತಾನೆ. ಹೆಂಗಸು ಬಟ್ಟಲಿಗೆ ಕಾಳು ಬಿಡುತ್ತ ಹಿಂದೆ ಬರುತ್ತಾಳೆ.

ಹಾವೇರಿ ಸೀಮೆಯ ಒಂದು ಎರೆಹೊಲದ ಊರಿನಲ್ಲಿ ಬಡಿಗೇರ ಕಾಳಪ್ಪ ನನ್ನನ್ನು ಜಾಲಿಮರದಿಂದ ಕಡೆದ. ಕಡೆದು ಮುಗಿಸಿದ ಮೇಲೂ ನನ್ನನ್ನು ಬಿಡಲಿಲ್ಲ. ಕೆಳಗೆ ನಾಲ್ಕು ತಟ್ಟೆ ಇಟ್ಟು ಬಟ್ಟಲಿಗೆ ಜೋಳ ಬಿಟ್ಟು ನೋಡುವನು, ಒಂದು ತಟ್ಟೆಗೆ ಸ್ವಲ್ಪ ಹೆಚ್ಚು ಬಿತ್ತೆಂದರೆ ಬೈಯುತ್ತ ಮತ್ತೆ ಉಳಿ ಹಿಡಿಯುವನು. ಕೊನೆಗೆ ನಾಲ್ಕೂ ತಟ್ಟೆಗಳಲ್ಲಿ ಸಮ ಬಿದ್ದಾಗ ನನ್ನನ್ನು ಬಸನಗೌಡರ ಮನೆಗೆ ಕೊಟ್ಟ. ಆ ಹೆಮ್ಮೆ ನನಗೆ ಬಹಳ ಕಾಲ ಇತ್ತು. ನನ್ನಿಂದ ಯಾರಿಗೂ ಅನ್ಯಾಯವಾಗದು ಎಂದುಕೊಂಡಿದ್ದೆ.

ಬಸನಗೌಡರು ಎತ್ತು ಹೊಡೆದರೆ ಅವರ ಹೆಂಡತಿ ಸಿದ್ದವ್ವ ಕಾಳು ಬಿಡುತ್ತಿದ್ದಳು. ಅವರ ಒಬ್ಬನೇ ಮಗ ಫಕೀರಗೌಡ ಬೆಳಗಾವಿಗೆ ಹೋಗಿ ಎದೆ ಅಳತೆ ಕೊಟ್ಟು ಮಿಲಿಟರಿ ಸೇರಿದ. ಗಡಿಯಲ್ಲಿ ತೋಪು ಹಾರಿಸುವವರ ಗುಂಪಿನಲ್ಲಿ ಅವನ ಕೆಲಸ. ಒಮ್ಮೆ ರಜೆಗೆ ಬಂದಾಗ ಮದುವೆ ಮಾಡಿದರು. ಅವನು ಮತ್ತೆ ಗಡಿಗೆ ಹೋದ. ಅವನ ಹೆಂಡತಿ ಪಾರ್ವತೆವ್ವ ನನ್ನ ಹಿಂದೆ ಬಂದು ನಿಂತಳು.

ಆ ಕೈಯ ಬಗ್ಗೆ ಹೇಳದೆ ನನ್ನ ಕಥೆ ಮುಂದೆ ಹೋಗುವುದಿಲ್ಲ. ಕಾಳು ಬಿಡುವುದೆಂದರೆ ಮುಷ್ಟಿ ಸಡಿಲಿಸಿದರೆ ಆಯಿತು ಅನ್ನುವವರಿದ್ದಾರೆ. ಅಲ್ಲ. ಎತ್ತಿನ ಹೆಜ್ಜೆ ನೋಡಬೇಕು, ನೆಲದ ಹದ ನೋಡಬೇಕು, ಬೆರಳ ಸಂದಿಯಿಂದ ಕಾಳು ಒಂದರ ಹಿಂದೆ ಒಂದು ಇಳಿಯಬೇಕು. ಪಾರ್ವತೆವ್ವ ಇದನ್ನು ಅತ್ತೆಯಿಂದ ಕಲಿತು ಅತ್ತೆಯನ್ನೇ ಮೀರಿಸಿದಳು. ಅವಳು ಬಿತ್ತಿದ ಹೊಲದಲ್ಲಿ ಸಸಿಗಳು ದಾರ ಹಿಡಿದು ನೆಟ್ಟಂತೆ ಏಳುತ್ತಿದ್ದವು. ಬಿತ್ತನೆ ಬಂತೆಂದರೆ ಊರವರು ಬಂದು, "ಪಾರ್ವತೆವ್ವ, ನಮ್ಮ ಹೊಲಕ್ಕ ನಿನ್ನ ಕೈಲೇ ಒಂದ್ ಬಟ್ಟಲ ಬಿಟ್ಟು ಹೋಗವ್ವ" ಎಂದು ಕರೆಯುವರು. ಮದುವೆಗಳಲ್ಲಿ ಮದುಮಗಳ ಉಡಿ ತುಂಬಲಿಕ್ಕೂ ಅವಳೇ ಬೇಕು. ಸಿದ್ದವ್ವ ಬಾಯಿಬಿಟ್ಟು ಹೊಗಳುವವಳಲ್ಲ, ಆದರೆ ಬಿತ್ತನೆಯ ಜೋಳ ಇಡುವ ಕೋಣೆಯ ಕೀಲಿಯನ್ನು ಸೊಸೆಯ ಸೆರಗಿಗೇ ಕಟ್ಟಿದ್ದಳು.

ಫಕೀರಗೌಡ ಪೆನ್ಶನ್ ತೆಗೆದುಕೊಂಡು ಊರಿಗೆ ಬಂದ. ಮೀಸೆ ಹುರಿ ಮಾಡಿಕೊಂಡು ನೆಟ್ಟಗೆ ನಡೆಯುವ ಆಳು. ಊರವರು ಅವನನ್ನು ಮಿಲಿಟರಿ ಗೌಡ ಎಂದರು. ಯುದ್ಧದ ಕಥೆ ಹೇಳು ಎಂದರೆ ಅಲ್ಲಿಯ ದಾಲು ಎಷ್ಟು ನೀರಾಗಿರುತ್ತಿತ್ತು ಎಂದು ಹೇಳಿ ಎದ್ದು ಹೋಗುತ್ತಿದ್ದ. ತೋಪಿನ ಪಕ್ಕ ನಿಂತು ನಿಂತು ಅವನ ಎಡಗಿವಿ ಪೂರಾ ಹೋಗಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ, ಮಿಲಿಟರಿ ಗೌಡ ಕಿವುಡ ಎಂದು ಅನ್ನಿಸಿಕೊಳ್ಳಲು ಮನಸ್ಸಿರಲಿಲ್ಲ. ಒಂದೇ ವಾರದಲ್ಲಿ ಅದು ತಿಳಿದದ್ದು ಪಾರ್ವತೆವ್ವಗೆ. ಅವಳೂ ಯಾರಿಗೂ ಹೇಳಲಿಲ್ಲ. ಗಂಡನ ಹತ್ತಿರ ಮಾತಾಡುವುದಿದ್ದಾಗ ಸದ್ದಿಲ್ಲದೆ ಅವನ ಬಲಕ್ಕೆ ಬಂದು ನಿಲ್ಲುವಳು.

ಆ ವರ್ಷ ಹಿಂಗಾರಿ ಬಿತ್ತನೆಗೆ ಬಸನಗೌಡರ ಮೊಣಕಾಲು ಏಳಲಿಲ್ಲ. ಕೆಮ್ಮು ಬೇರೆ ಹಿಡಿದಿತ್ತು. ಹಗ್ಗವನ್ನು ಮಗನ ಕೈಗೆ ಕೊಟ್ಟು ತಾವು ಸಿದ್ದವ್ವನ ಜೊತೆ ಬದುವಿನ ಮೇಲೆ ಕುಳಿತರು. ಮಗ್ಗುಲ ಹೊಲದ ರುದ್ರಪ್ಪನೂ ಇನ್ನು ನಾಲ್ಕು ಜನರೂ ಮಿಲಿಟರಿ ಗೌಡ ಬಿತ್ತುವುದನ್ನು ನೋಡಲಿಕ್ಕೆಂದೇ ಬಂದರು.

"ಏ ಮಿಲಿಟರಿ, ತೋಪು ಹಾರಿಸಿದಂಗಲ್ಲೋ ಇದು. ನಡುವ ನಿಂದ್ರಿಸಿದಿ ಅಂದ್ರ ಸಾಲು ಸೊಟ್ಟ ಆಕ್ಕೈತಿ ನೋಡು!" ಎಂದು ರುದ್ರಪ್ಪ ಛೇಡಿಸಿದ.

"ನಿಂದ್ರಸೂ ಮಾತ ಇಲ್ಲ ಕಾಕಾ. ಆ ಕಡೀ ಬದು ಮುಟ್ಟಿದ ಮ್ಯಾಲೇ ತಿರುಗಿ ನೋಡ್ತೇನಿ."

ಎಲ್ಲರೂ ನಕ್ಕರು. ಬಂಡಿದಾರಿಯ ಪಕ್ಕದಿಂದ ಬಿತ್ತನೆ ಶುರುವಾಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ದಾರಿಯ ಕಡೆಯ ನನ್ನ ಹಲ್ಲು ಒಂದು ಹಸಿ ಹೆಂಟೆಯೊಳಗೆ ಹೊಕ್ಕಿತು. ಕೊಳವೆಯ ಬಾಯಿಗೆ ಮಣ್ಣು ಕಟ್ಟಿತು, ಕಾಳು ಒಳಗೇ ನಿಂತಿತು. ಪಾರ್ವತೆವ್ವಗೆ ಕೂಡಲೇ ಗೊತ್ತಾಯಿತು.

"ರೀ, ನಿಲ್ಲಸ್ರಿ. ಈ ಕಡೀ ಕೊಳವಿ ಕಟ್ಟೇತಿ."

ಅವಳು ಅವನ ಎಡಕ್ಕಿದ್ದಳು. ಅವನಿಗೆ ಕೇಳಲಿಲ್ಲ. ಅವಳು ಸೀರೆಯ ನಿರಿಗೆ ಎತ್ತಿ ಹಿಡಿದು ಓಡಿ ಅವನ ಬಲಕ್ಕೆ ಬಂದು ಕೂಗಿದಳು. "ನಿಲ್ಲಸ್ರಿ ಅಂದ್ರ! ಕಾಳು ಬೀಳವಲ್ದು!"

ಅವನಿಗೆ ಕೇಳಿತು. ಅವನು ಹಗ್ಗ ಜಗ್ಗಿದ, ಎತ್ತುಗಳ ಹೆಜ್ಜೆ ತಡವರಿಸಿತು, ಅದು ನನ್ನ ಮೈಗೇ ತಿಳಿಯಿತು. ಆಮೇಲೆ ಅವನು ಕತ್ತೆತ್ತಿ ಬದುವಿನ ಕಡೆ ನೋಡಿದ. ರುದ್ರಪ್ಪ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತ ನಿಂತಿದ್ದ. ಫಕೀರಗೌಡ ಹಗ್ಗ ಸಡಿಲು ಬಿಟ್ಟು "ಹೋ, ಹೋ" ಎಂದು ಎತ್ತುಗಳನ್ನು ಹೊಡೆದ. ನಿಲ್ಲುವುದು ನನ್ನ ಕೈಯಲ್ಲಿರಲಿಲ್ಲ. ಎಳೆದ ಕಡೆ ಹೋಗುವುದಷ್ಟೇ ನನ್ನ ಪಾಡು. ಆದರೂ ಕಟ್ಟಿದ್ದು ನನ್ನ ಕೊಳವೆ, ಅದು ನನಗೆ ಇವತ್ತಿಗೂ ಕೊರೆಯುತ್ತದೆ.

ಬದು ಮುಟ್ಟಿದ ಮೇಲೆ ಪಾರ್ವತೆವ್ವ ಬಗ್ಗಿ ಕಡ್ಡಿಯಿಂದ ಮಣ್ಣು ತೆಗೆದಳು. ಅವಳ ಕೂಗು ಎದುರುಗಾಳಿಗೆ ಅಲ್ಲಿ ಕುಳಿತವರಿಗೆ ಮುಟ್ಟಿರಲಿಲ್ಲ, ಓಡಿದ್ದಷ್ಟೇ ಕಂಡಿತ್ತು. ಸಿದ್ದವ್ವ ದೂರದಿಂದಲೇ ಕೇಳಿದಳು. "ಯಾಕವ್ವಾ, ಏನಾತು?"

ಪಾರ್ವತೆವ್ವ ಗಂಡನ ಮುಖ ನೋಡಿದಳು.

"ಏನೂ ಆಗಿಲ್ಲ ಯವ್ವಾ" ಎಂದು ಅವನು ಎತ್ತುಗಳನ್ನು ತಿರುಗಿಸಿದ.

ಮಾರನೆಯ ದಿನ ಅವನೊಬ್ಬನೇ ಹೋಗಿ ಆ ಸಾಲಿಗೆ ನಾಲ್ಕು ಮುಷ್ಟಿ ಜೋಳ ಊರಿದ್ದರೂ ಆಗುತ್ತಿತ್ತು. ಯಾರಾದರೂ ಕಂಡರೆ ಕೇಳುತ್ತಾರೆಂದು ಹೋಗಲಿಲ್ಲ. ಹೊಲವೆಲ್ಲ ಹಸಿರಾದಾಗ ಬಂಡಿದಾರಿಯ ಪಕ್ಕದ ಸಾಲು ಮಾತ್ರ ಮೊದಲ ನಾಲ್ಕು ಹೆಜ್ಜೆ ಬಿಟ್ಟು ಆ ತುದಿಯವರೆಗೆ ಕರ್ರಗೆ ಬರಿದಾಗಿ ಬಿದ್ದಿತ್ತು. ನಮ್ಮ ಊರಿನಲ್ಲಿ ಅದಕ್ಕೆ ಬೋಳು ಸಾಲು ಎನ್ನುತ್ತಾರೆ. ಬೋಳು ಸಾಲು ಬಿದ್ದರೆ ಆ ಪೀಕು ಮನೆಗೆ ಬರುವುದರೊಳಗೆ ಮನೆಯಿಂದ ಒಂದು ಜೀವ ಹೋಗುತ್ತದೆಂದು ನಂಬಿಕೆ. ಸಾಲು ಬೋಳಾದರೆ ತಪ್ಪು ಕಾಳು ಬಿಟ್ಟವಳದ್ದು. ಎತ್ತು ಹೊಡೆದವನನ್ನು ಯಾರೂ ಕೇಳುವುದಿಲ್ಲ.

ಜೋಳ ಹಾಲುಗಟ್ಟುವ ಹೊತ್ತಿಗೆ ಬಸನಗೌಡರು ತೀರಿಕೊಂಡರು. ಮಳೆಗಾಲದಿಂದಲೂ ಕೆಮ್ಮುತ್ತಿದ್ದ ಮುದುಕ. ಬೋಳು ಸಾಲಿಲ್ಲದಿದ್ದರೂ ಹೋಗುತ್ತಿದ್ದರೇನೋ. ನಮ್ಮ ಕಡೆ ದನಗಳನ್ನು ಮನೆಯ ಒಳಗೇ ಕಟ್ಟುತ್ತಾರೆ, ನಾನೂ ಅಲ್ಲಿಯೇ ಗೋಡೆಗೆ ಒರಗಿದ್ದೆ. ಮಣ್ಣು ಕೊಟ್ಟು ಎಲ್ಲರೂ ತಿರುಗಿ ಬಂದ ಮೇಲೆ ಸಿದ್ದವ್ವ ಸೊಸೆಯನ್ನು ಎದುರಿಗೆ ನಿಲ್ಲಿಸಿಕೊಂಡಳು.

"ನಿನ್ನ ಕೈ ನನ್ನ ಕುಂಕುಮಾ ಅಳಿಸ್ತು. ಇನ್ನ ಆ ಕೈ ಬೀಜಕ್ಕ ಮುಟ್ಟೂದು ಬ್ಯಾಡ." ಸೆರಗಿನ ಗಂಟು ಬಿಚ್ಚಿ ಕೀಲಿ ತೆಗೆದುಕೊಂಡಳು.

ಪಾರ್ವತೆವ್ವ ಅಳಲಿಲ್ಲ. ಗಂಡನ ಕಡೆ ತಿರುಗಿ, ಈಗಲಾದರೂ ಹೇಳುತ್ತಾನೆ ಎಂದು ಕಾದಳು. ಅವನು ಕಟ್ಟೆಯ ಮೇಲೆ ತಲೆ ಬಗ್ಗಿಸಿ ಕುಳಿತಿದ್ದ. ಎತ್ತಲಿಲ್ಲ. ಶತ್ರುವಿನ ಶೆಲ್ಲು ಬೀಳುವ ಕಡೆ ನಿಂತು ಬಂದವನು, ಮನೆಯ ಕಟ್ಟೆಯ ಮೇಲೆ ಎದ್ದು ನಿಂತು ಒಂದು ಮಾತು ಹೇಳಲಾರದೆ ಹೋದ. ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಲ್ಲಿಂದ ಮುಂದೆ ಬೇರೆ ಬೇರೆ ಹೆಂಗಸರು ನನ್ನ ಹಿಂದೆ ನಡೆದರು. ಪಾರ್ವತೆವ್ವ ಬುತ್ತಿ ತಂದು ಬದುವಿನ ಮೇಲೆ ಇಟ್ಟು ಹೋಗುವಳು. ಊರಿನ ಯಾವ ಹೊಲಕ್ಕೂ ಅವಳನ್ನು ಕರೆಯಲಿಲ್ಲ. ಮದುವೆಗೆ ಕರೆದರೂ ಉಡಿ ತುಂಬುವಾಗ ಅವಳ ಹೆಸರು ಹಿಡಿಯುತ್ತಿರಲಿಲ್ಲ. ಅವಳೂ ಹಿಂದಿನ ಸಾಲಿನಲ್ಲಿ ಕುಳಿತು ಊಟ ಮಾಡಿ ಬರುವಳು.

ಫಕೀರಗೌಡನನ್ನು ಕೆಟ್ಟವನೆಂದರೆ ನನ್ನ ಮೈಗೆ ಗೆದ್ದಲು ಹಿಡಿಯಲಿ. ಹೆಂಡತಿಯ ಮೇಲೆ ಒಂದು ದಿನ ದನಿ ಏರಿಸಿದವನಲ್ಲ. ನಗುವವರು ನಗಲಿ ಎಂದು ತಾನೇ ಕೊಡ ಹೊತ್ತು ನೀರು ತರುವನು. ಓಣಿಯಲ್ಲಿ ಮೊದಲ ಬಚ್ಚಲಮನೆ ಕಟ್ಟಿಸಿದ್ದು ಅವಳಿಗಾಗಿ. ಮಗ ಸೋಮನಗೌಡನಿಗೆ ಜ್ವರ ಬಂದರೆ ಮಗುವಿನ ಹಾಸಿಗೆಯ ಪಕ್ಕದಿಂದ ಏಳುತ್ತಿರಲಿಲ್ಲ. ಪ್ರತಿ ಬಿತ್ತನೆಗೆ ಮೊದಲು ನನ್ನನ್ನು ಅಂಗಳಕ್ಕೆ ತಂದು ತಂತಿ ಹಾಕಿ ಕೊಳವೆಗಳನ್ನು ಉಜ್ಜುವನು, ಸಾಕಾದರೂ ಬಿಡನು. ಹೀಗೆ ಉಜ್ಜಿದರೆ ಏನು ಬಂತು ಎಂದು ಕೇಳಬೇಕೆನಿಸುತ್ತಿತ್ತು. ಹೇಳಬೇಕಾದ ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಅವನು ಮಾಡಿದ.

ಒಮ್ಮೆ ಬಾಯಿ ತೆರೆದಿದ್ದ. ಸಿದ್ದವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಾಗ ಹತ್ತಿರ ಕುಳಿತು, "ಯವ್ವಾ, ಆ ಸಾಲು..." ಎಂದ.

"ಅದರ ಮಾತ ತಗೀಬ್ಯಾಡ. ನೆನಸಿದ್ರ ನನ್ನ ಹೊಟ್ಟಿ ಉರೀತೈತಿ."

ಅವನು ಎದ್ದು ದನಗಳಿಗೆ ಮೇವು ಹಾಕಲು ಹೋದ. ಸಿದ್ದವ್ವ ಹಾಗೆಯೇ ನಂಬಿಕೊಂಡು ಸತ್ತಳು.

ಆಮೇಲೆ ಟ್ರ್ಯಾಕ್ಟರು ಬಂತು, ಬಿಳಿಜೋಳದ ಜಾಗಕ್ಕೆ ಗೋವಿನಜೋಳ ಬಂತು. ಸೋಮನಗೌಡ ನನ್ನನ್ನು ಜಂತಿಗೆ ತೂಗುಹಾಕಿದ. ಅಲ್ಲಿಂದಲೇ ಅವನ ಮದುವೆ ನೋಡಿದೆ. ಸೊಸೆ ಸವಿತಾಳ ಉಡಿಯನ್ನು ರುದ್ರಪ್ಪನ ಹೆಂಡತಿ ತುಂಬಿದಳು. ಮದುಮಗನನ್ನು ಹೆತ್ತ ಪಾರ್ವತೆವ್ವ ಬಾಗಿಲಿನ ಹಿಂದೆ ನಿಂತು ಅಕ್ಷತೆ ಹಾಕಿದಳು.

ಮದುವೆಯಾದ ವರ್ಷವೇ ಮಳೆ ಬಿಡದೆ ಹಿಡಿಯಿತು. ಹಿಂಗಾರಿಗೆ ಮನೆಯಲ್ಲಿ ತಿನ್ನುವಷ್ಟು ಬಿಳಿಜೋಳ ಬಿತ್ತಬೇಕು, ಎರೆಮಣ್ಣಿನಲ್ಲಿ ಟ್ರ್ಯಾಕ್ಟರು ಹೂತುಹೋಗುತ್ತದೆ, ನೆಲ ಒಣಗಲಿ ಎಂದು ಕಾದರೆ ಬಿತ್ತನೆಯ ಹದ ಹೋಗುತ್ತದೆ. ಸೋಮನಗೌಡ ನನ್ನನ್ನು ಇಳಿಸಿ ರುದ್ರಪ್ಪನ ಎತ್ತುಗಳನ್ನು ಕೇಳಿ ತಂದ. ಎತ್ತಿನ ಜೊತೆ ಮುದುಕ ರುದ್ರಪ್ಪನೂ ಕೋಲೂರಿಕೊಂಡು ಬಂದ. ನೋಡಲಿಕ್ಕೆ ಹೊಲದ ಬದುವಿನ ಮೇಲೆ ಮತ್ತೆ ನಾಲ್ಕು ಜನ ಕೂಡಿದರು. ಆದರೆ ಕಾಳು ಬಿಡುವವರು ಯಾರು? ಸವಿತಾಳಿಗೆ ಬರುತ್ತಿರಲಿಲ್ಲ. ಬಲ್ಲವರೆಲ್ಲ ತಮ್ಮ ತಮ್ಮ ಹೊಲದಲ್ಲಿದ್ದರು.

"ಅವ್ವಾ, ನೀನ ಬಿಡು" ಎಂದ ಮಗ.

"ಬ್ಯಾಡಪಾ. ನನ್ನ ಕೈ ಆಗಿಬರೂದಿಲ್ಲ, ಊರಿಗೆಲ್ಲ ಗೊತ್ತೈತಿ. ಹೊಸದಾಗಿ ಲಗ್ನಾದ ಮನಿ" ಎಂದು ಪಾರ್ವತೆವ್ವ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಆಗ ಫಕೀರಗೌಡ ಬದುವಿನ ಮೇಲಿಂದ ಎದ್ದ. "ಅಕಿ ಕೈದೇನೂ ತಪ್ಪಿಲ್ಲ. ಅವತ್ತ ಕೊಳವಿ ಕಟ್ಟಿತ್ತು. ಇಕಿ ನಿಲ್ಲಸ್ರಿ ಅಂತ ಕೂಗಿದ್ಲು. ನನಗ ಎಡಗಿವಿ ಕೇಳೂದಿಲ್ಲ, ತೋಪಿನ ಮಗ್ಗಲದಾಗ ನಿಂತು ಹೋಗೇತಿ. ಯಾರಿಗೂ ಹೇಳಿರಲಿಲ್ಲ."

ರುದ್ರಪ್ಪ ಕಣ್ಣೊರೆಸಿಕೊಂಡ. "ಅಯ್ಯ ನನ್ನಪ್ಪಾ, ದೇಶಕ್ಕ ಕಿವಿ ಕೊಟ್ಟಾಂವ ನೀನು! ಮೊದಲ ಹೇಳಬಾರದೇನೋ?" ಒಬ್ಬ ಅವನ ಭುಜ ಹಿಡಿದುಕೊಂಡ, ಇನ್ನೊಬ್ಬ ನೀರು ಕೊಟ್ಟ. ಸವಿತಾ ಮಾವನ ಕಾಲು ಮುಟ್ಟಿದಳು. ಪಾರ್ವತೆವ್ವನ ಕಡೆ ಯಾರೂ ನೋಡಲಿಲ್ಲ. ನನ್ನ ದಿಂಡು ಸೀಳಿಹೋಗುವುದೇನೋ ಅನ್ನಿಸಿತು, ಬಾಯಿಲ್ಲದವನಾಗಿ ಹುಟ್ಟಿದ್ದಕ್ಕೆ ಅಷ್ಟು ನೊಂದದ್ದು ಅದೊಂದೇ ಸಲ.

ಪಾರ್ವತೆವ್ವ ಗಂಡನ ಬಲಕ್ಕೆ ಬಂದು ನಿಂತಳು. ಮೆಲ್ಲಗೆ ಕೇಳಿದಳು. "ಅವತ್ತ ಆಗಿದ್ದು ಇಷ್ಟೇ ಏನ್ರಿ?"

ಅವನ ಮುಖ ಇಳಿಯಿತು. ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಕೆಳಗಿಟ್ಟ.

"ಇಷ್ಟೇ ಅಲ್ಲ" ಎಂದ. "ಇಕಿ ಓಡಿ ಬಂದು ಬಲಗಿವ್ಯಾಗ ಕೂಗಿದ್ಲು. ಕೇಳಿತ್ತು ನನಗ. ನೀವೆಲ್ಲಾ ನಗ್ತೀರಿ ಅಂತ ನಿಂದ್ರಸಲಿಲ್ಲ. ಅಪ್ಪ ಸತ್ತಾಗೂ ಬಾಯಿ ಬಿಡಲಿಲ್ಲ. ಅವ್ವ ಇಕೀನ ಅಂದಾಗೂ ಬಿಡಲಿಲ್ಲ."

ಈ ಸಲ ಯಾರೂ ಅವನ ಭುಜ ಹಿಡಿಯಲಿಲ್ಲ. ರುದ್ರಪ್ಪ ಎತ್ತಿನ ಕೊರಳ ಹಗ್ಗ ಸರಿಮಾಡುತ್ತ ಆ ಕಡೆ ತಿರುಗಿದ. ಪಾರ್ವತೆವ್ವ ಮಗನ ಕೈಯಿಂದ ಜೋಳದ ಗಂಟು ತೆಗೆದುಕೊಂಡು ಉಡಿಗೆ ಸುರಿದುಕೊಂಡಳು. ನನ್ನ ಹಿಂದೆ ಬಂದು ಬಟ್ಟಲ ಮೇಲೆ ಕೈಯಿಟ್ಟಳು.

ಅವಳ ಕೈ ಬಂದ ಸಂತೋಷಕ್ಕೆ ಮೊದಲು ನನಗೆ ಏನೂ ತಿಳಿಯಲಿಲ್ಲ. ನಾಲ್ಕು ಹೆಜ್ಜೆ ಹೋದ ಮೇಲೆ ತಿಳಿಯಿತು. ಕಾಳು ಒಮ್ಮೆ ರಾಶಿಯಾಗಿ ಬೀಳುತ್ತಿತ್ತು, ಒಮ್ಮೆ ಬೀಳುತ್ತಲೇ ಇರಲಿಲ್ಲ. ಬೆರಳುಗಳು ದಪ್ಪಗಾಗಿ ಸೆಟೆದಿದ್ದವು, ಎತ್ತಿನ ಹೆಜ್ಜೆಗೆ ಹೊಂದುತ್ತಿರಲಿಲ್ಲ. ಅಷ್ಟು ವರ್ಷ ಬೀಜ ಮುಟ್ಟದ ಕೈ ಬಿತ್ತುವುದನ್ನು ಮರೆತುಬಿಟ್ಟಿತ್ತು. ಅವಳಿಗೂ ಗೊತ್ತಾಯಿತು. ಆದರೂ ಹೊಲ ಮುಗಿಯುವವರೆಗೆ ಬಿಡಲಿಲ್ಲ.

ಹೊಲ ಬಹಳ ಹಸಿಯಿದ್ದುದರಿಂದ ನನ್ನನ್ನು ಬದುವಿನ ಮೇಲೆ ಬೇವಿನ ಬುಡಕ್ಕೆ ಒರಗಿಸಿ ಹೋಗಿದ್ದರು. ಸಸಿ ಎದ್ದದ್ದನ್ನು ಅಲ್ಲಿಂದಲೇ ಕಂಡೆ. ಒಂದು ಕಡೆ ಹುಲ್ಲಿನ ಹಾಗೆ ಒತ್ತು, ಒಂದು ಕಡೆ ಬಯಲು. ಅವನು ಬಾಯಿ ಬಿಟ್ಟರೆ ಎಲ್ಲ ಮೊದಲಿನಂತಾಗುತ್ತದೆ ಎಂದು ನಾನು ಅಷ್ಟು ವರ್ಷ ಕಾದಿದ್ದೆ. ಹೆಸರೇನೋ ತಿರುಗಿ ಬಂತು. ಬಿತ್ತನೆಗೆ ಕರೆಯಲು ಜನವೂ ಬಂದರು, ಅವಳೇ ಬೇಡವೆಂದಳು. ನಾನೂ ಮುದಿಯಾಗಿದ್ದೇನೆ, ಎರಡು ಹಲ್ಲು ಅಲ್ಲಾಡುತ್ತವೆ, ಇನ್ನು ಯಾರೂ ನನ್ನನ್ನು ಹೊಲಕ್ಕೆ ಒಯ್ಯುವುದಿಲ್ಲ.

ಸಸಿ ಎದ್ದ ಆ ವಾರವೇ ಮುದುಕ ಮುದುಕಿ ಇಬ್ಬರೂ ಒತ್ತು ಸಸಿ ಕೀಳಲು ಬಂದರು. ಅವನಿಗೆ ಬಗ್ಗಲಾಗದು, ಮೊಣಕಾಲೂರಿ ಕೆಸರಿನಲ್ಲಿ ಕುಳಿತ. ಒತ್ತು ಬಿದ್ದ ಸಾಲನ್ನು ತೋರಿಸಿ, "ಇದು ನನ್ನ ತಪ್ಪು ಪಾರ್ವತೆವ್ವಾ" ಎಂದ.

ಅವನು ಏನು ಕೇಳಬಯಸಿದ್ದನೋ ನಾನು ಬಲ್ಲೆ. ಇರಲಿ ಬಿಡ್ರಿ, ಆದದ್ದು ಆಯಿತು, ಎಂದು ಹೆಂಗಸರು ಹೇಳುತ್ತಾರಲ್ಲ, ಅದು. ಪಾರ್ವತೆವ್ವ ಕೈಯ ಮಣ್ಣು ಕೊಡವಿ ಅವನನ್ನು ನೋಡಿದಳು.

"ಹೌದ್ರಿ" ಎಂದಳು. "ನಿಮ್ಮದ."

ಆಮೇಲೆ ಅವನ ಬಲಕ್ಕೆ ಸರಿದು ಕುಳಿತು ತನ್ನ ಸಾಲಿನ ಸಸಿ ಕೀಳತೊಡಗಿದಳು.