ಕೊಟ್ರಪ್ಪ ಕೊಡಿಸಿದ ಓಟು

ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಹಣೆಗೆ ವಿಭೂತಿ ಬಳಿಯುತ್ತಿದ್ದ ಶರಣಮ್ಮ ತಲೆಯೆತ್ತಿ ನೋಡಿದರೆ, ಬಾಗಲಗುಂಟೆಯ ಆ ಬೀದಿ ತುಂಬ ವಿಮಾನ ಗುಡಿಸುವ ಹೆಂಗಸರೇ. ಯೂನಿಫಾರಂ ಕೂಡ ಬದಲಿಸದೆ ಏರ್‌ಪೋರ್ಟಿನಿಂದ ನೇರ ಬಂದಿದ್ದರು. ಅವಳಿಗೆ ಎದೆ ತುಂಬಿ ಬಂತು. ಹಿಂದೆಯೇ ಸಿಟ್ಟೂ ಬಂತು.

"ಓಟು ಹಾಕಿ ಬಂದ್ರೇನ್ರೇ?"

ಏರ್‌ಪೋರ್ಟ್ ನೌಕರರ ಸಂಘದ ಅಧ್ಯಕ್ಷಗಿರಿಗೆ ನಿಂತಿದ್ದ ಯಮುನಾಳೇ ಮುಂದೆ ಬಂದು, ಕೊಟ್ರಪ್ಪಣ್ಣ ಹೀಗೆ ಕೂತಿರುವಾಗ ಓಟು ಕೇಳಲು ತನಗೆ ಬಾಯಿ ಬರುವುದಿಲ್ಲ, ಮೊದಲು ಮಣ್ಣು ಮುಗಿಯಲಿ ಎಂದಳು. ಮಣ್ಣು ಸಂಜೆಗೆ. ಪಕ್ಕದ ಬೀದಿಯ ಸಮುದಾಯ ಭವನದಲ್ಲಿ ಓಟು ಮುಗಿಯುವುದು ಮಧ್ಯಾಹ್ನಕ್ಕೇ. ಸಾವಿನ ಮನೆಗೆ ಬಂದ ಮೇಲೆ ಸ್ನಾನ ಮಾಡದೆ ಬೇರೆಲ್ಲೂ ಹೋಗಬಾರದೆಂದು ಕೆಲವರು ಗೊಣಗಿದರು. ಎದುರು ಬಣಕ್ಕೆ ಇನ್ನೇನು ಬೇಕು? ಗೆದ್ದ ಮರುದಿನವೇ ಗುತ್ತಿಗೆಯವರ ಓಟಿನ ಹಕ್ಕು ಕಿತ್ತುಹಾಕುತ್ತೇವೆಂದು ಅವರು ಊರಿಗೆಲ್ಲ ಸಾರಿಕೊಂಡು ಬಂದಿದ್ದರು.

*

ಆ ಹಕ್ಕೇನು ಸುಮ್ಮನೆ ಬಂದದ್ದಲ್ಲ. ವಿಮಾನಕ್ಕೆ ಲಗೇಜು ತುಂಬುವ ಕೊಟ್ರಪ್ಪ ಸಂಘದ ಅಧ್ಯಕ್ಷನಾಗಿದ್ದ ಕಾಲದಲ್ಲಿ ಓಟು ಇದ್ದದ್ದು ಕಾಯಂ ನೌಕರರಿಗೆ ಮಾತ್ರ. ಗುತ್ತಿಗೆ ಹೆಂಗಸರು ಚಂದಾ ಕೊಡಬೇಕು, ಮುಷ್ಕರಕ್ಕೆ ಕೂರಬೇಕು, ಓಟಿನ ದಿನ ಮಾತ್ರ ಮನೆಯಲ್ಲಿರಬೇಕು. ಮಹಾಸಭೆಯಲ್ಲಿ ಅವನು ಇದು ನ್ಯಾಯವೇ ಎಂದು ಕೇಳಿದಾಗ ಅವನ ಕಡೆಯವರೇ ರೇಗಿದರು. ನಿನ್ನ ಕುರ್ಚಿಗೇ ಸಂಚಕಾರ ಎಂದರು.

"ಕುರ್ಚಿ ಹೋದ್ರ ಹೋಗ್ಲಿ. ನೆಲದ ಮ್ಯಾಲೆ ಕುಂತು ಉಂಡು ಬೆಳದೋನು ನಾನು."

ಆಸಾಮಿ ಜಗ್ಗಲಿಲ್ಲ. ಹಕ್ಕು ಕೊಡಿಸಿದ್ದಲ್ಲದೆ, ಈ ಸಲ ತಾನು ಹಿಂದೆ ಸರಿದು ಯಮುನಾಳನ್ನು ನಿಲ್ಲಿಸಿದ.

ಶರಣಮ್ಮನೂ ಅದೇ ಗುತ್ತಿಗೆಯಲ್ಲಿ ಸೀಟು ಒರೆಸುವವಳು. ನೀವು ಹೇಳಿದವರಿಗೇ ನಾನು ಓಟು ಹಾಕುತ್ತೇನೆಂದು ಏನು ಗ್ಯಾರಂಟಿ ಎಂದು ಆ ರಾತ್ರಿ ರೊಟ್ಟಿ ತಟ್ಟುತ್ತ ಕೆಣಕಿದ್ದಳು. ಕೊಟ್ರಪ್ಪ ನಕ್ಕಿದ್ದ.

"ನಾ ಹೇಳಿದೋರಿಗೇ ಹಾಕೋದಾದ್ರ ನಿನಗ್ಯಾಕ ಬೇಕು ಓಟು?"

*

ಶರಣಮ್ಮ ಕೈಯಲ್ಲಿದ್ದ ವಿಭೂತಿಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ಕೊಟ್ಟೂರಿನಿಂದ ಬಂದಿದ್ದ ಕೊಟ್ರಪ್ಪನ ಅಕ್ಕ ಶಿವಲಿಂಗಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಗಂಡನ್ನ ಬಿಟ್ಟು ಎಲ್ಲಿಗೆ ಹೊಂಟೀಯವ್ವಾ? ಮಂದಿ ಏನಂದಾರು?"

"ಓಟು ಹಾಕಾಕ ಹೊಂಟೀನಿ, ಅಕ್ಕಾರ. ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂತ ನೀವೇ ನನಗ ಹೇಳಿಕೊಟ್ಟಿದ್ದು. ಬರೋತನಕ ನಿಮ್ಮ ತಮ್ಮನ ಹತ್ರ ಕುಂತಿರ್ರಿ."

ಶಿವಲಿಂಗಮ್ಮ ಬಾಗಿಲ ಚೌಕಟ್ಟಿನಿಂದ ಕೈ ತೆಗೆದಳು. ಪಕ್ಕಕ್ಕೆ ಸರಿದಳು.

ಹೆಂಡತಿಯೇ ಹೊರಟ ಮೇಲೆ ಉಳಿದವರು ಯಾವ ಮುಖ ಇಟ್ಟುಕೊಂಡು ಕೂತಾರು? ಒಬ್ಬೊಬ್ಬರಾಗಿ ಎದ್ದರು. ಬೀದಿಯ ಅಂಗಡಿಯವರು ಎದ್ದು ನಿಂತು ನೋಡಿದರು. ಭವನದ ಬಾಗಿಲಲ್ಲಿ ಗುಂಪುಗಟ್ಟಿದ್ದ ಎದುರು ಬಣದ ಗಂಡಸರು ಶರಣಮ್ಮನನ್ನು ಕಂಡು ತಾವಾಗಿಯೇ ದಾರಿ ಬಿಟ್ಟರು. ಬೆಳಗಿನಿಂದ ಅತ್ತಿದ್ದ ಅವಳಿಗೆ ಆಗ ಅಳು ಬರಲಿಲ್ಲ. ಇಂಥವನ ಜೊತೆ ಬಾಳಿದೆನಲ್ಲ ಎಂಬ ಹೆಮ್ಮೆಯೇ ಬಂತು.

ವಾಪಸು ಬಂದಾಗ ಭಜನೆ ನಡೆದಿತ್ತು. ಶಿವಲಿಂಗಮ್ಮ ಕೈಯೆತ್ತಿ ಭಜನೆ ನಿಲ್ಲಿಸಿದಳು. ಶರಣಮ್ಮನ ಎಡಗೈ ಹಿಡಿದು, ಶಾಯಿ ಇನ್ನೂ ಆರದಿದ್ದ ಬೆರಳನ್ನು ತಮ್ಮನ ಮುಖದ ಹತ್ತಿರ ತಂದಳು.

"ನೋಡೋ ಕೊಟ್ರಾ. ನಿನ್ನ ಹೇಣ್ತಿ ಓಟು ಹಾಕಿ ಬಂದಾಳ."

ಬಾಗಿಲಾಚೆ ಸಾಲುಗಟ್ಟಿದ್ದ ಹೆಂಗಸರು ಒಬ್ಬರ ಹಿಂದೊಬ್ಬರು ಒಳಗೆ ಬಂದು, ಅವನೆದುರು ಬಗ್ಗಿ, ಬೆರಳು ತೋರಿಸಿದರು.