ಹೆಣದ ಬಸ್ಸಿನಲ್ಲಿ ಆನೆ ನೋಡಲು

"ಕೇಳಿಸ್ತು" ಎಂಬ ಒಂದೇ ಮಾತಿನಿಂದ ಇಡೀ ಸಭೆಯ ಬಾಯಿ ಮುಚ್ಚಿಸಬಲ್ಲವರನ್ನು ನಾನು ಕಂಡದ್ದು ಒಬ್ಬರನ್ನೇ. ಎದುರಿಗಿದ್ದವರು ಬೇಡವೆಂದರೂ ಕೇಳಿಸ್ತು, ಸಾಧ್ಯವಿಲ್ಲವೆಂದರೂ ಕೇಳಿಸ್ತು, ನಿಮಗೇನು ತಲೆ ಕೆಟ್ಟಿದೆಯೇ ಎಂದರೂ ಕೇಳಿಸ್ತು. ಕೇಳಿಸಿದ್ದು ನಿಜ, ಕೇಳಿದ್ದು ಎಂದೂ ಇಲ್ಲ.

ಚರ್ಚಿನ ದಾಖಲೆಯಲ್ಲಿ ಆಕೆಯ ಹೆಸರು ಲೊಕಾಡಿಯಾ ಮಜಂಗರಾ. ಆ ಹೆಸರಿನಿಂದ ಕರೆಯುವವರು ಪಾದ್ರಿ ಮತ್ತು ವೈದ್ಯರು ಮಾತ್ರ. ಹರಾರೆಯ ಮಗ್ಗುಲಿನ ನಮ್ಮ ಚಿಟುಂಗ್ವಿಜಾದಲ್ಲಿ ದೊಡ್ಡವರನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಅವರವರ ಬೆಡಗಿನ, ಎಂದರೆ ಕುಲದ, ಪ್ರಾಣಿಯೇ ಅವರವರ ಮರ್ಯಾದೆಯ ಹೆಸರು. ನಾನು ಸೊಕೊ, ಎಂದರೆ ಕೋತಿ. ಜೀವಮಾನವೆಲ್ಲ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟು ನಿವೃತ್ತನಾದ ಮೇಲೂ ಕೋತಿಯೇ. ನಮ್ಮ ಬಸ್ಸಿನ ಚಾಲಕ ಶುಂಬಾ, ಎಂದರೆ ಸಿಂಹ. ನಾಯಿ ಬೊಗಳಿದರೆ ಬಸ್ಸು ಹತ್ತಿ ಬಾಗಿಲು ಹಾಕಿಕೊಳ್ಳುತ್ತಾನೆ. ಆಕೆ ಚಿಹೆರಾ, ಎಲೆಂಡಿನ ಬೆಡಗಿನ ಹೆಣ್ಣು. ಎಲೆಂಡು ಎತ್ತಿನ ಗಾತ್ರದ ಜಿಂಕೆ, ಕುತ್ತಿಗೆಯಡಿ ಗಂಗೆದೊಗಲು ಜೋಲುವಂಥದ್ದು. ಆ ಬೆಡಗಿನಿಂದ ಹೆಣ್ಣು ತಂದವನು ಮನೆಗೆ ಹೆಂಡತಿಯನ್ನಲ್ಲ, ಯಜಮಾನನನ್ನು ತಂದ ಎಂದು ನಮ್ಮಲ್ಲಿ ನಗುತ್ತಾರೆ. ನಮ್ಮ ನಮ್ಮ ಪ್ರಾಣಿಯನ್ನು ನಾವು ತಿನ್ನುವಂತಿಲ್ಲ, ಅದರ ಹೆಸರಿನಲ್ಲಿ ಆಣೆ ಇಡಬಹುದು, ಅದರ ಬಿರುದುಗಳನ್ನು ಹೇಳಿ ಹೊಗಳಿಸಿಕೊಳ್ಳಬಹುದು. ಕಣ್ಣಾರೆ ನೋಡುವುದೊಂದು ಮಾತ್ರ ನಮ್ಮ ಪಾಲಿಗೆ ಬಂದಿರಲಿಲ್ಲ; ಅದಕ್ಕೆ ಹೊರದೇಶದವರು ವಿಮಾನ ಹತ್ತಿ ಬರುತ್ತಿದ್ದರು.

ಚಿಹೆರಾ ನಡೆಯುತ್ತಿದ್ದುದು ಮುಂದಕ್ಕೆ ಬಾಗಿ, ಎದುರುಗಾಳಿ ಬೀಸದ ದಿನವೂ ಎದುರುಗಾಳಿಯಲ್ಲಿ ನಡೆಯುವವರ ಹಾಗೆ. ಮೈಮೇಲೆ ಸದಾ ತೀರಿಕೊಂಡ ಗಂಡನ ರೈಲ್ವೆ ಕೋಟು; ಕಡುನೀಲಿ ಉಣ್ಣೆ, ಹಿತ್ತಾಳೆಯ ಗುಂಡಿ, ಮೊಣಕಾಲಿನವರೆಗೆ ಉದ್ದ. ಅಕ್ಟೋಬರಿನ ಬಿಸಿಲಿಗೆ ತಗಡಿನ ಮಾಡು ಚಟಚಟ ಸಿಡಿಯುವಾಗಲೂ ಅದನ್ನು ಬಿಚ್ಚಿದ್ದಿಲ್ಲ. ಆತ ಗಾರ್ಡ್ ಆಗಿದ್ದವನು, ಆನೆಯ ಬೆಡಗಿನವನು. ಅವನನ್ನು ಎಲ್ಲರೂ ಸಮನ್ಯಾಂಗಾ, ದಂತಗಳ ಒಡೆಯ, ಎಂದು ಕರೆಯುತ್ತಿದ್ದರು. ಅವನ ಸೀಟಿ ಇನ್ನೂ ಆ ಕೋಟಿನ ಜೇಬಿನಲ್ಲೇ ಇತ್ತು. ನಮ್ಮ ಶವಸಂಸ್ಕಾರ ಸಂಘದ ಸಭೆಗಳು ಆರಂಭವಾಗುತ್ತಿದ್ದುದು ಪ್ರಾರ್ಥನೆಯಿಂದಲ್ಲ, ಆ ಸೀಟಿಯಿಂದ.

ಸಂಘವೆಂದರೆ ನಮ್ಮ ಬೀದಿಯವರು ತಿಂಗಳು ತಿಂಗಳು ಹಣ ಹಾಕಿ ಕಟ್ಟಿಕೊಂಡದ್ದು. ಬದುಕುವುದು ಪಟ್ಟಣದಲ್ಲಾದರೂ ಮಣ್ಣಾಗುವುದು ಹುಟ್ಟಿದ ಹಳ್ಳಿಯಲ್ಲೇ ಆದ್ದರಿಂದ ಪೆಟ್ಟಿಗೆಗೆ, ಅಡಿಗೆಗೆ, ಎಲ್ಲಕ್ಕಿಂತ ಮಿಗಿಲಾಗಿ ಬಸ್ಸಿಗೆ ದುಡ್ಡು ಬೇಕು. ಆ ಬಸ್ಸಿನಲ್ಲಿ ನಮ್ಮ ಹೆಂಗಸರು ದೇಶವನ್ನೆಲ್ಲ ಸುತ್ತಿದ್ದಾರೆ, ಗುಟು, ಮುಟೊಕೊ, ಚಿಪಿಂಗೆ ಎಲ್ಲವನ್ನೂ ನೋಡಿದ್ದಾರೆ, ಆದರೆ ಕಣ್ಣೀರಿನ ಹಿಂದಿನಿಂದ. ನಮ್ಮ ಭಾಷೆಯಲ್ಲಿ ಸಫಾರಿ ಎಂಬ ಮಾತಿಲ್ಲ. ಪ್ರಯಾಣವೆಂದರೆ ಯಾರೋ ಹೋದರೆಂದೇ ಅರ್ಥ.

ಆ ವರ್ಷ ಚಿಹೆರಾ ಅವರ ಅತ್ತಿಗೆ ಕೆಟಿನಾರ ಕಣ್ಣು ಕೈಕೊಡತೊಡಗಿತು. ಗಂಡನ ಅಕ್ಕನನ್ನು ನಮ್ಮಲ್ಲಿ ವತೇತೆ ಎನ್ನುತ್ತಾರೆ. ಮನೆಯಲ್ಲಿ ಅವಳ ಮಾತೇ ಕೊನೆಯದು. ಚಿಹೆರಾ ಈ ಲೋಕದಲ್ಲಿ ಯಾರಿಗಾದರೂ ತಲೆಬಾಗಿದ್ದರೆ ಅದು ಆ ಸಣಕಲು ಮುದುಕಿಗೆ ಮಾತ್ರ. ಕಣ್ಣಿನೊಳಗಿನ ಒತ್ತಡದಿಂದ ನೋಟ ನಾಲ್ಕೂ ಕಡೆಯಿಂದ ಮುಚ್ಚುತ್ತಾ ಬಂದಿದೆ, ಈಗ ಕೊಳವೆಯಲ್ಲಿ ಇಣುಕಿದಷ್ಟೇ ಉಳಿದಿದೆ, ಬರುವ ಮಳೆಗಾಲಕ್ಕೆ ಅದೂ ಇರಲಾರದು ಎಂದು ವೈದ್ಯರು ಹೇಳಿದರು. ವತೇತೆ ಅಳಲಿಲ್ಲ. ಅಂಗಳದಲ್ಲಿ ಕೂತು ನೆಲಗಡಲೆ ಸುಲಿಯುತ್ತಾ ಒಂದು ಮಾತು ಮಾತ್ರ ಆಡಿದರು:

"ಹುಟ್ಟಿದಾಗಿಂದ ಆನೆ ಆನೆ ಅಂತ ಕರೆಸ್ಕೊಂಡೆ. ಅದು ಹೇಗಿರುತ್ತೆ ಅಂತ ಒಂದ್ಸಲವೂ ನೋಡ್ಲಿಲ್ಲ. ಆ ಕಡೆ ಹೋದ್ಮೇಲೆ ಹಿರಿಯರು ಕೇಳಿದ್ರೆ ಏನ್ ಹೇಳ್ಲಿ?"

"ಕೇಳಿಸ್ತು" ಎಂದರು ಚಿಹೆರಾ. ಮರುದಿನ ನನ್ನನ್ನು ಜೊತೆಗೆ ಕರೆದುಕೊಂಡು ಹರಾರೆಯ ಪ್ರವಾಸದ ಕಚೇರಿಯೊಂದಕ್ಕೆ ಹೋದರು. ಗೋಡೆಯ ತುಂಬ ಸಿಂಹಗಳಿದ್ದ ಆ ತಣ್ಣನೆಯ ಕೋಣೆಯಲ್ಲಿ ಟೈ ಕಟ್ಟಿದ ಯುವಕನೊಬ್ಬ ಕಾಡಿನಲ್ಲಿ ಎರಡು ರಾತ್ರಿ, ನಗರದಲ್ಲಿ ಒಂದು ರಾತ್ರಿ, ತಲೆಗೆ ಇಷ್ಟು ಎಂದು ಒಂದು ಮೊತ್ತ ಹೇಳಿದ. ಚಿಹೆರಾ ಲೋಕದ ಎಲ್ಲ ಬೆಲೆಗಳನ್ನೂ ತಮಗೆ ಗೊತ್ತಿದ್ದ ಒಂದೇ ಅಳತೆಯಲ್ಲಿ ಅಳೆಯುತ್ತಿದ್ದರು.

"ಎರಡು ಶವಪೆಟ್ಟಿಗೆ ಆಯ್ತಲ್ಲೋ ಮಗನೇ! ಅದೂ ಹಿತ್ತಾಳೆ ಹಿಡಿ ಇರೋದು."

ಹುಡುಗ ಬೆವರಿದ. ಊಟವೂ ಸೇರಿದೆ ಎಂದು ತೊದಲಿದ. "ಪೆಟ್ಟಿಗೆಗೂ ಒಳಗಡೆ ಬಟ್ಟೆ ಸೇರಿರುತ್ತೆ" ಎಂದು ಹೇಳಿ ಚಿಹೆರಾ ಎದ್ದರು. ಹೊರಗೆ ಬಂದವರು ಮುಂದಕ್ಕೆ ಬಾಗಿ ಎಷ್ಟು ಬಿರುಸಿನಿಂದ ನಡೆದರೆಂದರೆ ನಾನು ಓಡಬೇಕಾಯಿತು. ಬೀದಿ ತಿರುಗುವಷ್ಟರಲ್ಲಿ ಯೋಜನೆ ಸಿದ್ಧವಾಗಿತ್ತು. ಬಸ್ಸು ನಮ್ಮದೇ, ಹೆಣದ ಬಸ್ಸು. ಡೀಸೆಲ್ ಹಾಕಿದರೆ ಸಾಕು. ನಗರದ ರಾತ್ರಿಗೆ ಬುಲಾವಾಯೋದಲ್ಲಿ ನಮ್ಮ ಸಂಘದ ಶಾಖೆಯವರ ಚರ್ಚಿನ ಹಜಾರ, ಚಾಪೆ ನಮ್ಮದು. ಅಲ್ಲಿಂದ ಪಶ್ಚಿಮದ ಆನೆಕಾಡು; ದೇಶದವರಿಗೆ ಒಳಹೋಗುವ ಹಣ ಕಡಿಮೆ. ಬುತ್ತಿಗೆ ಒಣಮೀನು, ಹುರಿದ ನೆಲಗಡಲೆ. ಬೆಳಗಿನಿಂದ ಸಂಜೆಯವರೆಗೆ ಕಾಡಿನಲ್ಲಿ, ಹೊತ್ತು ಮುಳುಗುವ ಮುಂಚೆ ಹೊರಕ್ಕೆ.

ಸಭೆಯಲ್ಲಿ ಗದ್ದಲವೆದ್ದಿತು. ಸತ್ತವರ ಬಸ್ಸನ್ನು ಮೋಜಿಗೆ ಹೊರಡಿಸಿದರೆ ಅಪಶಕುನ ಎಂದವರುಂಟು. ನಮ್ಮ ಖಜಾಂಚಿ ಮೋಯೋ, ಎಂದರೆ ಹೃದಯದ ಬೆಡಗಿನವರು. ಆ ಬೆಡಗಿನವರು ಹೃದಯವನ್ನು ತಿನ್ನುವಂತಿಲ್ಲ, ನಮ್ಮ ಖಜಾಂಚಿ ಅದನ್ನು ಬಳಸುವುದನ್ನೂ ಬಿಟ್ಟಿದ್ದರು. ಅವರು ಕನ್ನಡಕ ಏರಿಸಿ ಬಹಳ ತರ್ಕಬದ್ಧವಾಗಿ ಹೇಳಿದರು: "ಚಿಹೆರಾ, ಬುಲಾವಾಯೋದ ಮ್ಯೂಸಿಯಮ್ಮಲ್ಲಿ ಆನೆ ಇದೆ. ತುಂಬಿಸಿ ಇಟ್ಟಿರೋದು, ಆದ್ರೂ ಆನೆನೇ. ಓಡಿ ಹೋಗಲ್ಲ, ಬಡಿಯಲ್ಲ. ವತೇತೆ ಮುಟ್ಟಿ ಬೇಕಾದ್ರೂ ನೋಡ್ಲಿ. ಅಲ್ಲಿಂದ್ಲೇ ವಾಪಸ್ ಬಂದ್ರೆ ಅರ್ಧ ಡೀಸೆಲ್ ಉಳಿಯುತ್ತೆ."

ಸಭೆ ತಲೆದೂಗಿತು, ನಾನೂ ತೂಗಿದೆನೆಂದು ಕಾಣುತ್ತದೆ. ಚಿಹೆರಾ ಎದ್ದು ನಿಂತು ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿಕೊಂಡರು. ಗಂಡ ಕೆಲಸಕ್ಕೆ ಹೊರಡುವಾಗ ಹಾಕಿಕೊಳ್ಳುತ್ತಿದ್ದುದು ಹಾಗೆಯೇ.

"ಕೇಳಿಸ್ತು, ಮೋಯೋ. ಸತ್ತಿರೋರನ್ನ ನೋಡೋಕೆ ಈ ಬಸ್ಸಲ್ಲಿ ಇಷ್ಟು ವರ್ಷ ಹೋದ್ವಿ. ಒಂದ್ಸಲ ಬದುಕಿರೋರನ್ನ ನೋಡೋಕೆ ಹೋಗೋಣ."

ಹೊರಡುವ ದಿನ ಮೋಯೋ ಕೂಡ ಚಾಪೆ ಸುತ್ತಿಕೊಂಡು ಬಂದರು.

ಚಿಹೆರಾ ಸೀಟಿ ಊದಿದರು, ಬಸ್ಸು ಹೊರಟಿತು. ಊರ ಗಡಿ ದಾಟುವಷ್ಟರಲ್ಲಿ ಹಿಂದಿನ ಸೀಟಿನಿಂದ ಯಾರೋ ಮೆಲ್ಲಗೆ ಒಂದು ಕೀರ್ತನೆ ಎತ್ತಿಕೊಂಡರು, ಉಳಿದವರು ದನಿಗೂಡಿಸಿದರು, ಸ್ವಲ್ಪ ಹೊತ್ತಿನಲ್ಲೇ ಬಸ್ಸಿನ ತುಂಬ ಶೋಕ. ಆ ಬಸ್ಸಿನಲ್ಲಿ ಹಾಡಲು ಅವರಿಗೆ ಬೇರೆ ಹಾಡೇ ಗೊತ್ತಿರಲಿಲ್ಲ. ಎದುರಿನಿಂದ ಬಂದ ವಾಹನಗಳು ಬದಿಗೆ ನಿಂತವು, ದಾರಿಹೋಕರು ಟೋಪಿ ತೆಗೆದರು. ಶುಂಬಾ ಸಂಕೋಚದಿಂದ ಕುಗ್ಗಿ ಇನ್ನೂ ನಿಧಾನವಾಗಿ ಓಡಿಸಿದ.

ಅದಕ್ಕಿಂತ ದೊಡ್ಡ ಎಡವಟ್ಟು ಬುಲಾವಾಯೋದಲ್ಲಿ ಕಾದಿತ್ತು. 'ಸಂಘದ ಬಸ್ಸು ಬರುತ್ತಿದೆ, ಹಜಾರ ಬೇಕು' ಎಂದು ಚಿಹೆರಾ ಹೇಳಿ ಕಳಿಸಿದ್ದರು. ಸಂಘದ ಬಸ್ಸೆಂದ ಮೇಲೆ ಇನ್ನೇನು? ಅಂಗಳದಲ್ಲಿ ಬೆಂಕಿ ಹಾಕಿ, ದೊಡ್ಡ ಹಂಡೆಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಸದ್ಜಾ, ತಿರುವಿ, ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದ ಹೆಂಗಸರು ನಮ್ಮನ್ನು ಕಂಡೊಡನೆ ಗೋಳೋ ಎಂದರು. ಒಬ್ಬಳು ಬಂದು ಚಿಹೆರಾರನ್ನು ತಬ್ಬಿಕೊಂಡಳು.

"ಅಯ್ಯೋ ನಮ್ಮಮ್ಮಾ, ಹೋದೋರು ಯಾರು?"

"ಯಾರೂ ಹೋಗಿಲ್ಲ ಕಣೇ. ಆನೆ ನೋಡೋಕೆ ಬಂದಿದ್ದೀವಿ."

ಅಳು ಗಕ್ಕನೆ ನಿಂತಿತು. ಆಮೇಲೆ ಯಾರೋ ಕಿಸಕ್ಕೆಂದರು. ಅಳಲು ಸೇರಿದವರು ನಕ್ಕು ನಕ್ಕು ನೆಲಕ್ಕೆ ಕೂತರು. ಆದರೆ ಸಾವಿಗೆಂದು ಹೂಡಿದ ಒಲೆಯನ್ನು ಉಂಡು ಮುಗಿಸದೆ ಆರಿಸುವಂತಿಲ್ಲ, ಇಲ್ಲವಾದರೆ ಅದು ನಿಜವಾಗಿಯೂ ಒಂದು ಸಾವನ್ನು ಕೇಳುತ್ತದೆ ಎಂದು ಹಿರಿಯರು ಹಟ ಹಿಡಿದರು. ಮರುದಿನ ಬೆಳಿಗ್ಗೆ ಹಂಡೆಯ ತಳ ಕಾಣುವವರೆಗೂ ನಮ್ಮನ್ನು ಬಿಡಲಿಲ್ಲ. ಹೊತ್ತು ಏರುತ್ತಿತ್ತು. ಚಿಹೆರಾ ನಿಂತುಕೊಂಡೇ ಉಂಡರು, ಒಂದು ಕಣ್ಣು ಸೂರ್ಯನ ಮೇಲೆ.

ಹಾಗಾಗಿ ನೀರಿನ ಹೊಂಡದ ಬಳಿ ನಾವು ತಲುಪುವಾಗ ಬಿಸಿಲು ಕೆಂಪಾಗಿ, ಮರದ ಬುಡಗಳಲ್ಲಿ ಮಬ್ಬು ಕೂಡಿತ್ತು. ಸುಮ್ಮನೆ ಕಾದೆವು. ಧೂಳಿನಿಂದ ಮೊದಲು ಒಂದು, ಆಮೇಲೆ ಹಿಂಡೇ ಬಂದಿತು, ಮರಿಗಳನ್ನು ನಡುವೆ ಹಾಕಿಕೊಂಡು. ಮುಂದಿನ ಸೀಟಿನಲ್ಲಿ ವತೇತೆ ಕತ್ತು ಚಾಚಿ ಗಾಜಿಗೆ ಹಣೆ ತಾಗಿಸಿದ್ದರು.

"ಎಲ್ಲೇ?"

"ನೇರ ಮುಂದೆ, ವತೇತೆ. ಅಗೋ, ದೊಡ್ಡದು."

"ಬರೀ ಕತ್ತಲೆ ಕಾಣ್ತಿದೆ."

ಸೊಂಡಿಲು ನೀರೆಳೆಯುವ ಸದ್ದು, ಹೊಟ್ಟೆಯೊಳಗಿನ ಗುಡುಗು, ಒದ್ದೆ ಮಣ್ಣಿನಲ್ಲಿ ಕಾಲೂರುವ ಸದ್ದು ನಮ್ಮೆಲ್ಲರಿಗೂ ಕೇಳುತ್ತಿತ್ತು. ಮುದುಕಿ ಬಹಳ ಹೊತ್ತು ಕಿವಿಗೊಟ್ಟು ಕೂತರು. ಆಮೇಲೆ ಚಿಹೆರಾರ ಕೈ ತಟ್ಟಿ, "ಕೇಳಿಸ್ತು ಕಣೇ. ಸಾಕು ಬಿಡು, ನಡಿ ಮನೆಗೆ" ಎಂದರು.

ತಮ್ಮದೇ ಮಾತು ತಮಗೇ ಹೀಗೆ ತಿರುಗಿ ಬಂದಾಗ ಚಿಹೆರಾರ ಮುಖ ಕಳೆಗುಂದಿತು. ಅವರು ಸೋತದ್ದನ್ನು ನಾನು ಕಂಡದ್ದು ಆ ಗಳಿಗೆಯಲ್ಲಿ ಮಾತ್ರ. ಶುಂಬಾ ಬಸ್ಸು ತಿರುಗಿಸಿದ. ಹೊತ್ತು ಮುಳುಗಿದ ಮೇಲೆ ಒಳಗಿರುವಂತಿಲ್ಲ, ನಾಳೆ ಮತ್ತೆ ಒಳಬರಲು ಇಷ್ಟು ಜನಕ್ಕೆ ಹಣವಿಲ್ಲ.

"ಕೇಳಿಸಿದ್ರೆ ಸಾಲದು ವತೇತೆ" ಎಂದು ಚಿಹೆರಾ ಮೆಲ್ಲಗೆ ಅಂದದ್ದು ನನಗೆ ಕೇಳಿತು. "ಕಾಣ್ಬೇಕು."

ಗೇಟಿನಲ್ಲಿ ಕಾವಲುಗಾರ ಬಸ್ಸಿನ ಹಿಂಭಾಗವನ್ನು ಬಗ್ಗಿ ನೋಡಿ, ಹೆಣ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೈಬೀಸಿದ. ನರೆತ ಮೀಸೆಯ ಗಂಭೀರ ಮನುಷ್ಯ. ಚಿಹೆರಾ ಕೆಳಗಿಳಿದು ಅವನ ಎದೆಯ ಮೇಲಿನ ಹೆಸರುಪಟ್ಟಿಯನ್ನು ಓದಿದರು. ಎಂಡ್ಲೊವು. ಆ ಕಡೆಯವರ ನುಡಿಯಲ್ಲಿ ಹಾಗೆಂದರೆ ಆನೆ.

"ಮಗನೇ, ನಿನ್ನಪ್ಪನ ಅಕ್ಕ ಬಸ್ಸಲ್ಲಿ ಕೂತಿದ್ದಾರೆ, ನೀನು ಗೇಟು ಹಾಕ್ತಿದ್ದೀಯ."

"ನನಗೆ ಅತ್ತೇನೇ ಇಲ್ಲಮ್ಮ."

"ಆನೆ ಬೆಡಗಿನವನಿಗೆ ಆನೆ ಬೆಡಗಿನ ಮುದುಕಿ ಅತ್ತೆಯಲ್ಲದೆ ಇನ್ನೇನೋ? ಕಣ್ಣು ಹೋಗೋಕೆ ಮುಂಚೆ ತನ್ನ ಕುಲ ನೋಡ್ಬೇಕು ಅಂತ ಬಂದಿದ್ದಾರೆ. ನೀನು ದಿನಾ ನೋಡೋನು, ಒಂದು ಬೆಳಗ್ಗೆ ಕೊಡಕ್ಕಾಗಲ್ವಾ?"

ಅವನು ಬಸ್ಸು ಹತ್ತಿ ವತೇತೆಯ ಮುಂದೆ ನಿಂತ. ಟೋಪಿ ತೆಗೆದು, ಮಂಡಿಯೂರಿ, ಹಿರಿಯರಿಗೆ ವಂದಿಸುವ ಹಾಗೆ ಬೊಗಸೆಗೈ ತಟ್ಟಿ ಅತ್ತೆಯನ್ನು ಮಾತಾಡಿಸಿದ. ಎದ್ದು ಬಂದವನ ದನಿ ಬದಲಾಗಿತ್ತು.

"ನಮ್ಮ ವಸತಿ ಗೇಟಿನ ಹೊರಗೇ ಇದೆ. ಅಲ್ಲಿ ನಿಲ್ಲಿಸಿ. ಬೆಳಗ್ಗೆ ಎಲ್ಲರ ಟಿಕೆಟ್ಟೂ ನನ್ನದು. ಆದ್ರೂ ಅಮ್ಮಾ, ಒಂದು ಬಸ್ ನೆಂಟರಾ?"

"ಸಾವಿಗಾದ್ರೆ ಬರಲ್ವೇನೋ?"

ಬೆಳಗಿನ ಬೆಳಕು ನಮ್ಮ ಬೆನ್ನ ಹಿಂದಿನಿಂದ ಹೊಂಡದ ಮೇಲೆ ನೇರವಾಗಿ ಬಿದ್ದಿತ್ತು. ಮುದಿ ಸಲಗವೊಂದು ಒಂಟಿಯಾಗಿ ನಿಂತಿತ್ತು, ಒಂದು ದಂತ ಮುರಿದದ್ದು. ಚಿಹೆರಾ ವತೇತೆಯ ಸೀಟಿನ ಹಿಂದೆ ಬಗ್ಗಿ ನಿಂತು, ಎರಡೂ ಕೈಯಿಂದ ಅವರ ಗಲ್ಲ ಹಿಡಿದು, ತುಸು ಎಡಕ್ಕೆ, ತುಸು ಮೇಲಕ್ಕೆ, ಮತ್ತೆ ತುಸು ಎಡಕ್ಕೆ ತಿರುಗಿಸಿದರು. ಇದ್ದಕ್ಕಿದ್ದಂತೆ ಮುದುಕಿಯ ಬಾಯಿ ತೆರೆಯಿತು.

"ಅಯ್ಯೋ, ಎಷ್ಟೊಂದು ಸುಕ್ಕು! ನನ್ ಮುಖದ ಹಾಗೇ ಇದೆಯಲ್ಲೇ!"

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಕೈಗಳನ್ನು ಬೊಗಸೆ ಮಾಡಿ ಮೆಲ್ಲಗೆ ತಟ್ಟುತ್ತಾ, ದೂರದಿಂದ ಬಂದ ತಮ್ಮನನ್ನು ಬಾಗಿಲಲ್ಲಿ ಎದುರುಗೊಳ್ಳುವಾಗ ಹೇಳುತ್ತಿದ್ದ ಮಾತುಗಳನ್ನೇ ಹೇಳತೊಡಗಿದರು. ಸಮನ್ಯಾಂಗಾ, ದಂತಗಳ ಒಡೆಯ, ದಾರಿ ಮಾಡುವವನೇ, ಬಂದೆಯಾ, ದಣಿದೆಯಾ. ಗಂಡನ ಕೋಟು ತೊಟ್ಟ ಚಿಹೆರಾ ಗಲ್ಲ ಬಿಡಲಿಲ್ಲ. ಆ ಬಸ್ಸಿನಲ್ಲಿ, ಗಂಡನ ಪೆಟ್ಟಿಗೆಯ ಜೊತೆ ಹೋದ ದಿನವೂ, ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ಅಂದು ಅತ್ತರು, ಹೆಣವಿಲ್ಲದ ಬಸ್ಸಿನಲ್ಲಿ.

ಅದೇ ಹೊತ್ತಿಗೆ ಹಿಂದಿನ ಸೀಟಿನಲ್ಲಿದ್ದ ನಾನು ಯಾಕೋ ಹಿಂತಿರುಗಿದೆ. ನಾವು ಬಂದ ದಾರಿಯ ಅಂಚಿನಲ್ಲಿ, ಎಳೆಬಿಸಿಲಲ್ಲಿ, ಎತ್ತಿನ ಗಾತ್ರದ ಮೂರು ಎಲೆಂಡುಗಳು ಗಂಗೆದೊಗಲು ತೂಗಿಸುತ್ತಾ ನಿಂತಿದ್ದವು. ನಿಂತು, ಬಸ್ಸನ್ನು ನೋಡಿ, ನಿಧಾನವಾಗಿ ಮರಗಳೊಳಗೆ ಹೋದವು. ನಾನು ಕೂಗಲಿಲ್ಲ. ಕೂಗಿದ್ದರೆ ಚಿಹೆರಾ ಆ ಗಲ್ಲವನ್ನು ಬಿಟ್ಟು ತಿರುಗಬೇಕಾಗುತ್ತಿತ್ತು.

ಮರಳುವ ದಾರಿಯಲ್ಲಿ ಹೇಳಿದೆ: "ಚಿಹೆರಾ, ಬೆಳಗ್ಗೆ ನಿಮ್ಮ ಬೆನ್ನ ಹಿಂದೆ ನಿಮ್ಮೋರು ಬಂದು ನಿಂತಿದ್ರು."

ಅವರು ನಿದ್ದೆ ಹೋಗಿದ್ದ ವತೇತೆಯ ತಲೆಯನ್ನು ಕೋಟಿನ ಭುಜಕ್ಕೆ ಸರಿಯಾಗಿ ಒರಗಿಸಿಕೊಂಡರು. "ಕೇಳಿಸ್ತು, ಸೊಕೊ" ಎಂದರು.

ಮಳೆಗಾಲದ ಹೊತ್ತಿಗೆ ವತೇತೆಯ ಕಣ್ಣು ಪೂರ್ತಿ ಹೋಯಿತು. ಈಗ ಬೀದಿಯ ಮಕ್ಕಳಿಗೆಲ್ಲ ಆನೆಯ ಸುಕ್ಕು ಎಣಿಸಿ ಹೇಳುವವರು ಅವರೇ. ಚಿಹೆರಾ ತಮ್ಮ ಎಲೆಂಡನ್ನು ಇನ್ನೂ ನೋಡಿಲ್ಲ. ಅದಕ್ಕಾಗಿ ಅವರು ಹಲುಬಿದ್ದನ್ನೂ ನಾನು ಕೇಳಿಲ್ಲ. ಪ್ರಯಾಣ ಹೊರಡುವವರಲ್ಲಿ ನೋಡುವವರು ಬಹಳ ಮಂದಿ, ನೋಡಿದ್ದನ್ನು ಬರೆಯುವ ನನ್ನಂಥ ಕೋತಿಗಳೂ ಉಂಟು. ಆದರೆ ಹೊರಡಿಸುವವರ ಕುಲವೇ ಬೇರೆ. ಅವರಿಗೆ ಕಿಟಕಿಯ ಸೀಟು ಸಿಗುವುದಿಲ್ಲ, ಅವರು ಕೇಳುವುದೂ ಇಲ್ಲ. ತಮಗೆ ಬರಬೇಕಾದ್ದು ಬೆನ್ನ ಹಿಂದೆ ಬಂದು ನಿಂತು ಹೋಗುವಾಗ, ಅವರ ಎರಡೂ ಕೈ ಇನ್ನೊಬ್ಬರ ಮುಖವನ್ನು ಬೆಳಕಿಗೆ ತಿರುಗಿಸುತ್ತಿರುತ್ತವೆ.