ಸಪ್ತಪುರದ ಹೊಲಕ್ಕೆ ನೀರು

ಆಫೀಸಿನಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚಿ, ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಫೋನು ಹಿಡಿದು ಅರ್ಪಿತಾ ಆಟದೊಳಗಿನ ಅಣ್ಣನ ಹೊಲಕ್ಕೆ ನೀರು ಹಾಕಲು ಹೊರಟಿದ್ದಳು. ಅಷ್ಟರಲ್ಲಿ ಆಟ ಅವಳನ್ನು ಹೊರಗೆ ದಬ್ಬಿತು. ಪರದೆಯ ಮೇಲೆ ಒಂದು ಸಾಲು ಮೂಡಿತು: ‘ಅಮೇಯ ಇನ್ನೊಂದು ಫೋನಿನಿಂದ ಒಳಗೆ ಬಂದಿದ್ದಾರೆ.’

ಅರ್ಪಿತಾ ರೊಟ್ಟಿಯನ್ನು ಡಬ್ಬಿಗೆ ಹಾಕಿ ಆ ಸಾಲನ್ನು ಮತ್ತೊಮ್ಮೆ ಓದಿದಳು. ಅಣ್ಣ ಅಮೇಯ ತೀರಿಕೊಂಡ ಮೇಲೆ ಬಂದ ಎರಡನೇ ಎಳ್ಳಮಾಸಿ ಹಬ್ಬ ಇದು. ಬೀದರ್ ರಸ್ತೆಯಲ್ಲಿ ಲಾರಿಗೆ ಸಿಕ್ಕು ಹೋದವನನ್ನು ಮೊಗುಡಂಪಲ್ಲಿಯ ತಮ್ಮ ಹೊಲದಲ್ಲೇ ಕೂಡಿಸಿ ಮಣ್ಣು ಕೊಟ್ಟಿದ್ದರು. ಆ ಆಟ ಇದ್ದ ಇನ್ನೊಂದು ಫೋನು ಅವನದೇ. ಅವ್ವ ವತ್ಸಲಾಬಾಯಿ ಅದನ್ನು ಹಳದಿ ಅರಿವೆಯಲ್ಲಿ ಸುತ್ತಿ ತಂದು ಕೊಟ್ಟದ್ದನ್ನೂ, ಅಪ್ಪ ಶರಣಪ್ಪ ಕುಣಿಗಿಳಿದು ಮಗನ ಮಡಿಲಲ್ಲಿ ಇಟ್ಟದ್ದನ್ನೂ ಅರ್ಪಿತಾ ಕಣ್ಣಾರೆ ಕಂಡಿದ್ದಳು.

ಆಟದ ಹೆಸರು ಸಪ್ತಪುರ. ಎಲ್ಲೆಲ್ಲಿಯೋ ಕೂತ ಸಾವಿರಾರು ಜನ ಅದರೊಳಗೆ ಒಂದೊಂದು ವೇಷ ತೊಟ್ಟು ಬದುಕುತ್ತಿದ್ದರು. ಅಮೇಯನಿಗೆ ಅದರ ಹುಚ್ಚು. “ಚಲೋ ಆಟ ಯಾವ್ದು ಗೊತ್ತದೇನು?” ಎಂದು ಊಟದ ಹೊತ್ತಿಗೆ ತಂಗಿಯ ತಲೆ ತಿನ್ನುತ್ತಿದ್ದ. “ಕತ್ತಿ, ಕುದುರಿ ಎಲ್ಲಾ ಆಟದಾಗೂ ಇರ್ತಾವ. ನೀ ಫೋನ್ ಇಟ್ಟು ಮಕ್ಕೊಂಡ್ರೂ ಅದರಾಗಿನ ಊರು ಮಕ್ಕೋಬಾರ್ದು. ಸಂತಿ ಕೂಡಬೇಕು, ಮಂದಿ ಜಗಳಾಡಬೇಕು. ನೀ ನಾಕ್ ದಿನ ಬರ್ಲಿಲ್ಲಂದ್ರ ಯಾರರೆ ‘ಎಲ್ಲಿ ಹೋಗ್ಯಾನ ಇಂವ’ ಅಂತ ಕೇಳಬೇಕು. ಅದು ಆಟ!”

ಎಲ್ಲರೂ ಕೋಟೆ ಗೆಲ್ಲಲು ಓಡುತ್ತಿದ್ದರೆ ಇವನು ಅಲ್ಲೊಂದು ಹೊಲ ಹಿಡಿದು, ಬೇಲಿ ಹಾಕಿ, ಬನ್ನಿ ಗಿಡದ ಕೆಳಗೆ ಐದು ಕಲ್ಲು ಇಟ್ಟು, ತಮ್ಮ ಹೊಲದ ಪಡಿಯಚ್ಚನ್ನೇ ಮಾಡಿದ್ದ. ಆ ಹೊಲಕ್ಕೆ ದಿನಾ ಒಡೆಯನ ಕೈಯಿಂದಲೇ ನೀರು ಬೀಳಬೇಕು. ತಪ್ಪಿದರೆ ಬೇಲಿ ಬಿದ್ದು, ಕಂಡವರು ಒಳಗೆ ನುಗ್ಗುತ್ತಾರೆ. ಅಣ್ಣ ಹೋದ ಮೇಲೆ ಅರ್ಪಿತಾ ಅವನ ಗುಟ್ಟಿನ ಅಕ್ಷರಗಳನ್ನೇ ಒತ್ತಿ ಅವನ ವೇಷದೊಳಗೆ ಹೊಕ್ಕು, ಬೆಳಿಗ್ಗೆ ಜಹೀರಾಬಾದಿನ ಆಫೀಸಿಗೆ ಹೊರಡುವ ಮುಂಚೆ ನೀರು ಹಾಕುತ್ತಿದ್ದಳು. ಅಲ್ಲಿ ಅವನ ಗೆಳೆಯರು ಯಾರಾದರೂ ಮಾತಾಡಿಸಿದರೆ ‘ಕೆಲಸ ಜಾಸ್ತಿ’ ಎಂದು ಬರೆದು ಜಾರಿಕೊಳ್ಳುತ್ತಿದ್ದಳು. ಸತ್ತಿದ್ದಾನೆ ಎಂದು ಬರೆಯಲು ಬೆರಳು ಏಳುತ್ತಿರಲಿಲ್ಲ. ಇವತ್ತು ಮಾತ್ರ ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ನೀರು ಮಧ್ಯಾಹ್ನಕ್ಕೆ ಉಳಿದಿತ್ತು.

“ಯಾವನೋ ಹ್ಯಾಕ್ ಮಾಡ್ಯಾನ ಬಿಡು,” ಎಂದಳು ಪಕ್ಕದ ಮೇಜಿನ ಸ್ವರೂಪಾ. ಅವಳೂ ಅರ್ಪಿತಾಳಿಂದ ಕಲಿತು ಅದೇ ಆಟ ಆಡುತ್ತಿದ್ದಳು. “ತಾಳು, ನನ್ನ ಫೋನಿನ್ಯಾಗಿಂದ ಹೋಗಿ ನೋಡಮು.”

ಸ್ವರೂಪಾಳ ವೇಷ ಬೇಲಿಯ ಹೊರಗೆ ನಿಂತಿತು. ಒಳಗೆ ಅಮೇಯ ಇದ್ದ. ತಲೆಗೆ ಅವನ ವೇಷದ ಅದೇ ಕೆಂಪು ರುಮಾಲು. ನೀರು ಕಾಣದ ಮಣ್ಣು ಬಿಳಿಚಿಕೊಂಡಿತ್ತು. ಅವನು ನಿಧಾನವಾಗಿ ನಡೆಯುತ್ತಿದ್ದ, ಬೇಲಿಗೆ ಮುಖ ತಾಗಿಸಿಕೊಂಡು ನಿಲ್ಲುತ್ತಿದ್ದ, ದಾರಿ ತಡಕಾಡಿ ಮತ್ತೆ ಹೆಜ್ಜೆ ಹಾಕುತ್ತಿದ್ದ. ಹೊಲವನ್ನು ಬಲಕ್ಕೆ ಇಟ್ಟುಕೊಂಡೇ ಸುತ್ತುತ್ತಿದ್ದ.

“ಕಳ್ಳ ಆದ್ರ ಏನರೆ ಕದೀಬೇಕಲ್ಲ?” ಎಂದ ಸ್ವರೂಪಾಳ ದನಿ ಇಳಿದಿತ್ತು.

ಬೇಲಿಯ ಹತ್ತಿರವೇ ತಾಂಡೂರಿನ ಸಾಯಿಕುಮಾರ, ಅಮೇಯನ ಆಟದ ಗೆಳೆಯ, ನಿಂತಿದ್ದ. ಸ್ವರೂಪಾ ಕೇಳಿದ್ದಕ್ಕೆ ಅವನು ಬರೆದ: ‘ಅಮೇಯಣ್ಣ ಅಮಾಸಿಗೊಮ್ಮೆ ಹಿಂಗ ಬರ್ತಾನ್ರಿ. ಸುತ್ತು ಹಾಕ್ತಾನ. ಮಾತಾಡ್ಸಿದ್ರ ಮಾತಾಡಂಗಿಲ್ಲ.’

ಅರ್ಪಿತಾ ಫೋನಿನ ಮೇಲೆ ಬಾಗಿದಳು. ತಾನು ಬೇಲಿಯ ಬಾಗಿಲ ಬಳಿ ನಿಲ್ಲಿಸಿ ಹೊರಬಂದಿದ್ದ ಅಣ್ಣನ ವೇಷ ಮರುದಿನ ಬನ್ನಿ ಗಿಡದ ಕೆಳಗೆ ನಿಂತಿರುವುದನ್ನು ಅವಳು ಆಗಾಗ ಕಂಡಿದ್ದಳು. ಆಟದ ದೋಷವೆಂದು ಸುಮ್ಮನಾಗಿದ್ದಳು. ಈಗ ಆ ಸುತ್ತು ಯಾವುದೆಂದು ಗುರುತು ಸಿಕ್ಕಿತು. ಅದು ಚರಗ. ಎಳ್ಳಮಾಸಿಯ ದಿನ ಭೂತಾಯಿಗೆಂದು ಹೊಲದ ಸುತ್ತ ಅಪ್ಪ ಕಾಳು-ಸೊಪ್ಪಿನ ಭಜ್ಜಿ, ರೊಟ್ಟಿ ಚೆಲ್ಲುತ್ತ “ಓಲಗ್ಯಾ ಓಲಗ್ಯಾ” ಎಂದು ಕೂಗಿ ಮುಂದೆ ಹೋಗುತ್ತಿದ್ದರು. ಹಿಂದೆ ಅಮೇಯ ತಂಬಿಗೆಯಿಂದ ನೀರು ಚಿಮುಕಿಸುತ್ತ “ಚಾಲೋಂ ಪೋಲಗ್ಯಾ” ಎಂದು ಮರುದನಿ ಕೊಡುತ್ತಿದ್ದ. ಅವನನ್ನು ಅಲ್ಲೇ ಮಣ್ಣು ಮಾಡಿದ ಮೇಲೆ ಆ ಹೊಲದಲ್ಲಿ ಯಾರೂ ಚರಗ ಚೆಲ್ಲಿರಲಿಲ್ಲ.

ಹೆದರಿಕೆಗೆ ಅವಳಿಗೆ ಅವ್ವ ಬೇಕೆನ್ನಿಸಿತು; ಡಬ್ಬಿಯನ್ನೂ ಮುಚ್ಚದೆ ಎದ್ದಳು. ಊರಿನ ಕಡೆಯ ಆಟೋ ಹತ್ತಿದಳು. ದಾರಿಯುದ್ದಕ್ಕೂ ಹೊಲಗಳಲ್ಲಿ ಜೋಳದ ದಂಟಿನ ಗುಡಿಸಲ ಮುಂದೆ ಜನ ಪಂಕ್ತಿ ಕೂತು ಉಣ್ಣುತ್ತಿದ್ದರು. ತಮ್ಮ ಹೊಲ ಬಂದಾಗ ಅವಳು ಇನ್ನೊಂದು ಕಡೆ ಮುಖ ತಿರುಗಿಸಿದಳು.

ಮನೆಯ ಅಂಗಳದಲ್ಲಿ ತಾಂಡೂರಿನ ಕಲ್ಲು ಗೋಡೆಗೆ ಒರಗಿಕೊಂಡು ಹಾಗೇ ಇತ್ತು. ಮಗನ ಸಮಾಧಿಗೆಂದು ಶರಣಪ್ಪ ತರಿಸಿದ್ದು. ಕೂಡಿಸಲು ವತ್ಸಲಾಬಾಯಿ ಬಿಟ್ಟಿರಲಿಲ್ಲ. ಯಾಕೆಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಅಪ್ಪನ ಸಿಟ್ಟು, ಅವ್ವನ ಮೌನ, ನಡುವೆ ಅರ್ಪಿತಾ ಅಡಕತ್ತರಿಯ ಅಡಿಕೆಯಾಗಿದ್ದಳು.

ಅಪ್ಪ ಡ್ಯೂಟಿಗೆ ಹೋಗಿದ್ದರು. ದೇವರ ಜಗಲಿಯ ಮುಂದೆ ಒಂದು ತಾಟಿನಲ್ಲಿ ಭಜ್ಜಿ, ಸಜ್ಜಿ ರೊಟ್ಟಿ. ಎದುರಿಗೆ ಅವ್ವ ಕೂತು ಫೋನಿನ ಮೇಲೆ ಹೆಬ್ಬೆಟ್ಟು ಊರಿ ಸಾವಕಾಶ ಸರಿಸುತ್ತಿದ್ದಳು. ಅಂಚು ಒಡೆದ ಆ ಫೋನು ಅಮೇಯನದು.

“ಯವ್ವಾ! ಅದು ಕುಣಿಯಾಗ ಇಟ್ಟಿದ್ದು…”

ವತ್ಸಲಾಬಾಯಿ ಬೆಚ್ಚಲಿಲ್ಲ. “ಕುಣಿಯಾಗ ಹೋಗಿದ್ದು ನನ್ನ ಹಳೀ ಬಟನ್ ಫೋನು. ಅರಿವ್ಯಾಗ ಅದನ್ನೇ ಸುತ್ತಿ ಕೊಟ್ಟಿದ್ದೆ. ಇದನ್ನ ಮಣ್ಣಿಗೆ ಕೊಡಾಕ ಮನಸ್ ಬರ್ಲಿಲ್ಲ. ಈ ಆಟದಾಗ ನಡೆಸೋದ್ ಒಂದು ಅಂವನೇ ಕಲಿಸಿದ್ದ. ಅಮಾಸಿಗೊಮ್ಮೆ ಹೋಗಿ ಬರ್ತೀನಿ.”

ಅರ್ಪಿತಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಭೂತವೆಂದು ಹೆದರಿ ಓಡಿಬಂದರೆ ಎದುರಿಗೆ ಹೆತ್ತವ್ವ! ಅವಳು ಅವ್ವನ ಪಕ್ಕ ಕೂತಳು.

“ನಿಮ್ಮಪ್ಪ ಕಲ್ಲು ಕೂಡಸ್ತೀನಿ ಅಂತಾರ,” ಅವ್ವ ತಗ್ಗಿದ ದನಿಯಲ್ಲಿ ಹೇಳಿದಳು. “ಹ್ಯಾಂಗ ಕೂಡಸ್ಲಿ? ನಾ ಇದರಾಗ ಹೋದಾಗೆಲ್ಲ ಹೊಲದ ಮಣ್ಣು ಹಸಿ ಇರ್ತದ. ಒಡೆಯನ ಕೈಲೇ ನೀರು ಬೀಳಬೇಕು ಅಂತ ಅಂವನೇ ಹೇಳಿದ್ದ. ಅಂವ ಬರ್ತಾನ, ಅರ್ಪಿ. ನನ್ನ ಕಣ್ಣಿಗೆ ಬೀಳವಲ್ಲ, ಅಷ್ಟೇ.”

ನಗು ಅಲ್ಲೇ ಸತ್ತಿತು. ಸುಮ್ಮನಿದ್ದರೆ ಆ ಕಲ್ಲು ಅಂಗಳದಲ್ಲೇ ಇರುತ್ತದೆ, ಅವ್ವ ಬಾರದವನಿಗೆ ಕಾಯುತ್ತಲೇ ಇರುತ್ತಾಳೆ. ಹೇಳಿದರೆ ಮಗನನ್ನು ಅವಳ ಕೈಯಿಂದ ಇನ್ನೊಮ್ಮೆ ಕಿತ್ತುಕೊಂಡ ಹಾಗೆ. ಅರ್ಪಿತಾ ಅವ್ವನ ಮೊಣಕಾಲು ಹಿಡಿದುಕೊಂಡಳು.

“ನೀರು ಹಾಕಾಕಿ ನಾನವ್ವ. ದಿನಾ ಮುಂಜಾನೆ. ಅಣ್ಣ ಅಲ್ಲ.”

ಅವ್ವನ ಹೆಬ್ಬೆಟ್ಟು ಪರದೆಯಿಂದ ಎದ್ದಿತು. ಕೆಂಪು ರುಮಾಲಿನವನು ನಿಂತ. ಅವ್ವ ತಾಟನ್ನು ಜಗಲಿಯ ಹತ್ತಿರಕ್ಕೆ ಸರಿಸಿದಳು. ಅಳುತ್ತಾಳೆಂದು ಅರ್ಪಿತಾ ಕಾದಳು, ಅಳಲಿಲ್ಲ.

“ದಿನಾ ನೀನೇ?”

“ದಿನಾ ನಾನೇ.”

“ಹಂಗಾರ ಕಲ್ಲು ಕೂಡಸಲಿ,” ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಏನೋ ಹೊಳೆದಂತೆ ಕೇಳಿದಳು: “ಇವತ್ತ ಎಷ್ಟೊತ್ತಿಗೆ ಹಾಕ್ದಿ?”

“ಇವತ್ತ ಹಾಕಾಕ ಆಗ್ಲಿಲ್ಲ. ನೀ ಒಳಗ ಬಂದಿ, ನಾ ಹೊರಗ ಬಿದ್ದೆ. ನೀನರೆ ನೀರು ಹಾಕೋ ಆ ತಂಬಗಿ ಒತ್ತಿದ್ಯೇನು?”

“ಯಾವ ತಂಬಗಿ? ನನಗ ನಡೆಸೋದೊಂದೇ ಬರ್ತದ.”

ವತ್ಸಲಾಬಾಯಿ ಫೋನನ್ನು ಮಗಳ ಕಡೆ ತಿರುಗಿಸಿದಳು. ಹೊಲದ ನಡುವಿನ ಮಣ್ಣು ಬಿಳಿಚಿಕೊಂಡೇ ಇತ್ತು. ಬೇಲಿಯ ಗುಂಟ ಮಾತ್ರ, ಅವ್ವ ಅವನನ್ನು ನಡೆಸಿಕೊಂಡು ಬಂದ ದಾರಿಯಲ್ಲಿ, ಒಂದು ಕಪ್ಪು ಪಟ್ಟಿ ಎದ್ದಿತ್ತು. ಬನ್ನಿ ಗಿಡದಿಂದ ಹೊರಟ ಆ ನೀರಿನ ಪಸೆ ಕೆಂಪು ರುಮಾಲಿನವನ ಹಿಮ್ಮಡಿಯವರೆಗೆ ಬಂದು ನಿಂತಿತ್ತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವ್ವ ಹೆಬ್ಬೆಟ್ಟನ್ನು ಮೆಲ್ಲಗೆ ಊರಿ ಒಂದು ಹೆಜ್ಜೆ ಮುಂದೆ ನಡೆಸಿದಳು.

“ಓಲಗ್ಯಾ ಓಲಗ್ಯಾ,” ಎಂದಳು, ಪಿಸುದನಿಯಲ್ಲಿ.

ಅಣ್ಣ ಕೊಡುತ್ತಿದ್ದ ಮರುದನಿ ಅರ್ಪಿತಾಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಬಾಯಿ ಮುಚ್ಚಿಕೊಂಡು, ಅವ್ವನ ಭುಜಕ್ಕೆ ಭುಜ ತಾಗಿಸಿ ಫೋನಿಗೆ ಕಿವಿಗೊಟ್ಟು ಕೂತಳು.